ನಿಕಾಹ್‌ನಾಮಾದಲ್ಲಿ ನಾಲ್ಕು ಸಾಲು ಬರೆಸಿದ್ದು

ನಾನು ಹುಬ್ಬಳ್ಳಿಯಲ್ಲಿ ವಕೀಲೆ. ನನ್ನ ಹತ್ತಿರ ಬರುವ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಒಂದೇ ಉಸಿರಿಗೆ ಮೂರು ತಲಾಖ್ ಹೇಳಿಸಿಕೊಂಡವರು ಕಡಿಮೆ. ಅದನ್ನು 2017ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು, 2019ರಲ್ಲಿ ಕಾಯ್ದೆಯೂ ಬಂತು. ಜಾಸ್ತಿ ಬರುವವರ ಗೋಳೇ ಬೇರೆ. ಗಂಡ ತಲಾಖೂ ಕೊಡಲ್ಲ, ಮನೆಗೂ ಕರೆಯಲ್ಲ. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಹಿಡಿದು ವಿಚ್ಛೇದನ ಕೇಳಲು ಕೋರ್ಟಿಗೆ ಹೋಗಬಹುದು, ಎರಡು ವರ್ಷ ಖರ್ಚಿಗೆ ಕೊಡದಿದ್ದರೆ ಅದೊಂದೇ ಕಾರಣ ಸಾಕು. ಆದರೆ ಆ ಎರಡು ವರ್ಷ ಅವಳು ತಿನ್ನುವುದೇನು? ಖುಲಾ, ಅಂದರೆ ಹೆಂಡತಿಯೇ ಕೇಳಿ ಪಡೆಯುವ ವಿಚ್ಛೇದನ, ಕೇಳಿದರೆ ಮೆಹರ್ (ಮದುವೆಗಾಗಿ ಗಂಡ ಹೆಂಡತಿಗೆ ಕೊಡಬೇಕಾದ ಹಣ, ಒಡವೆ) ಬಿಟ್ಟುಕೊಡು ಅಂತಾರೆ.

ಅದಕ್ಕೇ ನಿಕಾಹ್‌ನಾಮಾದಲ್ಲಿ, ಅಂದರೆ ಮದುವೆಯ ಒಪ್ಪಂದಪತ್ರದಲ್ಲಿ, ಮೊದಲೇ ಶರತ್ತು ಬರೆಸಲು ಶುರು ಮಾಡಿದೆ. ಇಸ್ಲಾಂ ಕಾನೂನಿನ ಹನಫಿ ಪಂಥದಲ್ಲೇ ತಫ್ವೀಜ್ ಅಂತ ಇದೆ. ತನ್ನ ತಲಾಖಿನ ಅಧಿಕಾರವನ್ನು ಗಂಡ ಹೆಂಡತಿಯ ಕೈಗೆ ಕೊಡುವುದು. ಅದನ್ನು ಬಳಸಿ ಹೊರಬಂದರೆ ಮೆಹರ್ ಹೋಗುವುದಿಲ್ಲ. ಪಾಕಿಸ್ತಾನದಲ್ಲೂ ಬಾಂಗ್ಲಾದೇಶದಲ್ಲೂ ನಿಕಾಹ್‌ನಾಮಾ ಫಾರಂನ 18ನೇ ಕಾಲಂ ಇದಕ್ಕೇ ಮೀಸಲು. (ಪಾಕಿಸ್ತಾನದಲ್ಲಿ ಎಷ್ಟೋ ಸಲ ಹುಡುಗಿಯನ್ನು ಕೇಳದೇ ಅದರ ಮೇಲೆ ಗೀಟು ಎಳೆದುಬಿಡುತ್ತಾರೆ, ಆ ಮಾತು ಬೇರೆ.) ನಮ್ಮಲ್ಲಿ ಎಲ್ಲರಿಗೂ ಒಂದೇ ಅನ್ನುವ ಫಾರಂ ಇಲ್ಲ.

ಮೊದಲ ಸಲ ದೊಡ್ಡ ತಪ್ಪು ಮಾಡಿದೆ. ಬರೆದ ಕಾಗದ ಹಿಡಿದು ಸೀದಾ ಶಾದಿಮಹಲ್‌ಗೇ ಹೋದೆ. ಖಾಜಿ ಸಾಹೇಬರು ಓದಿ ಕನ್ನಡಕ ತೆಗೆದರು. ಹುಡುಗನ ಸೋದರಮಾವ ಎದ್ದು ನಿಂತು, "ನಿಕಾಹ್ ದಿನಾನೇ ತಲಾಖ್ ಮಾತಾ?" ಅಂದರು. ಒಳಗಿದ್ದ ಹುಡುಗಿ, "ಬೇಡ ಆಪಾ, ಬಿಟ್ಟುಬಿಡಿ" ಅಂತ ಹೇಳಿಕಳಿಸಿದಳು. ಬಿರಿಯಾನಿ ಉಣ್ಣದೇ ಬಂದೆ.

ಈಗ ಮಾತು ಪಕ್ಕಾ ಆದ ವಾರದಲ್ಲೇ ಕೂರುತ್ತೇನೆ. ಮೊದಲು ಹುಡುಗನ ತಾಯಿಯ ಜೊತೆ. "ನಿಮ್ಮ ಮಗಳಿಗೆ ಹೀಗಾದರೆ?" ಅಂದರೆ ಸಾಕು, ಮುಕ್ಕಾಲು ಕೆಲಸ ಮುಗಿಯುತ್ತದೆ. ಆಮೇಲೆ ಖಾಜಿ. ಕೋರ್ಟಿನ ಭಾಷೆ ಆಡಲ್ಲ, ತಫ್ವೀಜ್ ಅನ್ನುವ ಅವರದೇ ಪದ ಮುಂದಿಡುತ್ತೇನೆ.

ಬರೆಯುವಾಗ "ಸರಿಯಾಗಿ ನೋಡಿಕೊಳ್ಳದಿದ್ದರೆ" ಅಂತ ಬರೆದರೆ ಸುಮ್ನೆ ಜಗಳ. "ಸತತ ಆರು ತಿಂಗಳು ಖರ್ಚಿಗೆ ಕೊಡದಿದ್ದರೆ", "ಹೊಡೆದರೆ", "ಇನ್ನೊಂದು ಮದುವೆಯಾದರೆ", ಹೀಗೆ ಬಿಡಿಸಿ ಬರೆಯಬೇಕು. ಆಗ ಅವಳು ತಾನೇ ತಲಾಖ್ ಹೇಳಿಕೊಳ್ಳಬಹುದು ಅನ್ನುವುದು ನಾಲ್ಕನೇ ಸಾಲು. ಮೆಹರ್ ಅನ್ನು ಬಂಗಾರದ ಗ್ರಾಂ ಲೆಕ್ಕದಲ್ಲಿ ಬರೆಸುತ್ತೇನೆ, ರೂಪಾಯಿ ಹತ್ತು ವರ್ಷದಲ್ಲಿ ಕರಗುತ್ತದೆ ಅಲ್ವಾ?

ಎಲ್ಲರೂ ಒಪ್ಪುವುದಿಲ್ಲ. ಒಂದು ಮನೆಯಲ್ಲಿ ಇನ್ನೊಂದು ಮದುವೆಯ ಸಾಲಿಗೇ ಗಂಟುಬಿದ್ದರು. ಕೊನೆಗೆ ಅದನ್ನು ಬಿಟ್ಟು ಉಳಿದದ್ದಕ್ಕೆ ಸಹಿ ಹಾಕಿಸಿದೆ. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ.

ಇನ್ನೊಬ್ಬಳ ಕಾಗದ ಗಂಡನ ಮನೆಯ ಬೀರುವಿನಿಂದಲೇ ಮಾಯವಾಯಿತು. ಅವತ್ತಿನಿಂದ ಮೂರು ಪ್ರತಿ ಮಾಡಿಸಿ ಮೂರಕ್ಕೂ ಸಹಿ ಹಾಕಿಸುತ್ತೇನೆ. ಒಂದು ಖಾಜಿಗೆ, ಒಂದು ನನ್ನ ಫೈಲಿಗೆ. ಹುಡುಗಿಯದು ಅವಳ ಅಮ್ಮನ ಟ್ರಂಕಿನಲ್ಲಿರುತ್ತದೆ.