ಆನ್‌ಲೈನ್ ಡ್ರೆಸಾಜ್: ಮೊದಲ ವಿಡಿಯೊಗೆ ಮುನ್ನ

ಆನ್‌ಲೈನ್ ಡ್ರೆಸಾಜ್ ಎಂದರೆ ಕುದುರೆಯನ್ನು ಗೊತ್ತುಪಡಿಸಿದ ಚಲನೆಗಳಲ್ಲಿ ನಡೆಸಿ, ಅದರ ವಿಡಿಯೊ ಕಳಿಸಿ ಅಂಕ ಪಡೆಯುವ ಸ್ಪರ್ಧೆ. ಚಿಕ್ಕಮಗಳೂರಿನ ಇಳಿಜಾರಿನಲ್ಲಿ ಅದಕ್ಕೆ ಬೇಕಾದ 20x40 ಮೀಟರ್ ಸಮತಟ್ಟು ಜಾಗ ಸಿಗುವುದೇ ಕಷ್ಟ. ಹಾಗೆಂದು ಕಾಫಿ ಒಣಗಿಸುವ ಸಿಮೆಂಟ್ ಕಣಕ್ಕೆ ಕುದುರೆ ಇಳಿಸಬೇಡಿ. ಗೊರಸು ಜಾರುತ್ತದೆ, ಕಾಲಿಗೂ ಪೆಟ್ಟು. ನೀರು ಬಸಿಯುವ ಮಣ್ಣಿನ ನೆಲವೇ ಆಗಬೇಕು.

ಅಳತೆಗೆ ಟೇಪು ಹಿಡಿಯಿರಿ. ಮೂಲೆಯಿಂದ ಮೂಲೆಗೆ ಕರ್ಣ 44.72 ಮೀಟರ್ ಬಂದರೆ ಚೌಕಟ್ಟು ನೇರ. ಸವಾರನಿಗೆ ಗುರುತಾಗಲು ಸುತ್ತ ಅಕ್ಷರ ಫಲಕ ನೆಡಿ: ಒಂದು ಗಿಡ್ಡ ಬದಿಯ ನಡುವೆ ಎ, ಅಲ್ಲಿಂದ ಪ್ರದಕ್ಷಿಣೆಯಾಗಿ ಕೆ, ಇ, ಎಚ್, ಸಿ, ಎಂ, ಬಿ, ಎಫ್. ಸಿ ಎದುರಿನ ಗಿಡ್ಡ ಬದಿಯ ನಡುವೆ, ಇ ಮತ್ತು ಬಿ ಉದ್ದನೆಯ ಬದಿಗಳ ನಡುವೆ. ಕೆ, ಎಚ್, ಎಂ, ಎಫ್ ಉದ್ದನೆಯ ಬದಿಯಲ್ಲಿ ಮೂಲೆಯಿಂದ 6 ಮೀಟರ್ ದೂರದಲ್ಲಿರಲಿ.

ಹೊಸಬರು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಎ ಬಳಿಯ 20 ಮೀಟರ್ ವೃತ್ತದಲ್ಲಿ. ಕುದುರೆ ಮೂಲೆಗೆ ನುಗ್ಗಿದರೆ ವೃತ್ತ ಮೊಟ್ಟೆಯಾಕಾರವಾಗುತ್ತದೆ. ಉದ್ದನೆಯ ಬದಿಯನ್ನು ಮೂಲೆಯಿಂದ 10 ಮೀಟರಿನಲ್ಲಿ, ಅಂದರೆ ಕೆ ದಾಟಿ 4 ಮೀಟರಿಗೆ, ಮುಟ್ಟಿ ಕೂಡಲೇ ಬಿಡಬೇಕು. ಅಲ್ಲೊಂದು ಗುರುತಿಟ್ಟು ಅಭ್ಯಾಸ ಮಾಡಿ.

ಕ್ಯಾಮೆರಾ ಸಿ ಹಿಂದೆ, ಅಡ್ಡವಾಗಿ, ಸೂರ್ಯ ಬೆನ್ನಿಗಿರುವಂತೆ. ಮಧ್ಯೆ ನಿಲ್ಲಿಸಿ ಜೋಡಿಸಿದ ವಿಡಿಯೊವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಪ್ರವೇಶದಿಂದ ಕೊನೆಯ ಸೆಲ್ಯೂಟ್‌ವರೆಗೆ ಒಂದೇ ಓಟದಲ್ಲಿ ಚಿತ್ರೀಕರಿಸಿ.