ಜೊನ್ನಗಿರಿಗೆ ಚಿನ್ನ ತಂದ ನೀರು ಎಲ್ಲಿಯದು?

ಕರ್ನೂಲು ಜಿಲ್ಲೆಯ ಜೊನ್ನಗಿರಿಯಲ್ಲಿ ಚಿನ್ನ ಕೂತಿರುವುದು ಗ್ರಾನೈಟ್ ಜಾತಿಯ ಕಲ್ಲಿನಲ್ಲಿ. ಗ್ರಾನೊಡಯೊರೈಟ್ ಅಂತಾರೆ. ಕೋಲಾರ, ಹಟ್ಟಿಗಳಲ್ಲಿ ಅದು ಹೆಚ್ಚಾಗಿ ಹಳೇ ಲಾವಾದ ಕಪ್ಪು ಕಲ್ಲಿನಲ್ಲಿ ಸಿಗುತ್ತದೆ. ಹಾಗಾದರೆ ಇಲ್ಲಿ ಚಿನ್ನವನ್ನು ಕರಗಿಸಿಕೊಂಡು ಆಳದಿಂದ ತಂದ ಬಿಸಿನೀರು ಈ ಗ್ರಾನೈಟಿನದೇ ಇರಬೇಕಲ್ವಾ? ನನ್ನ ಸಂಶೋಧನೆಗೆ ಹಿಡಿದ ಪ್ರಶ್ನೆ ಇದೇ. ನಾನು ಆಲೂರಿನವನು, ಜಾಗವೂ ಹತ್ತಿರ. (1953ರವರೆಗೆ ನಾವೂ ಬಳ್ಳಾರಿ ಜಿಲ್ಲೆಯವರೇ.)

ಮೊದಲ ಮಳೆ ಬಿದ್ದ ಮೇಲೆ ಅಲ್ಲಿ ಹೊಲದ ತುಂಬ ವಜ್ರ ಹುಡುಕುವ ಜನ. ನನ್ನ ಸುತ್ತಿಗೆ, ಚೀಲ ಕಂಡರೆ “ದೊರಿಕಿಂದಾ ಅನ್ನಾ?” ಅಂತ ಹಿಂದೆಯೇ ಬರುತ್ತಿದ್ದರು. ಚೀಲದಲ್ಲಿ ಇದ್ದದ್ದು ಬೆಣಚುಕಲ್ಲು. ಅದರಲ್ಲೂ ಹಾಲುಬಿಳಿಯ ದೊಡ್ಡ ತುಂಡುಗಳನ್ನು ಬಿಟ್ಟು, ಕಪ್ಪು ಗೆರೆಗಳಿರುವ, ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಹೊಳೆಯುವವನ್ನು ಆರಿಸಿದೆ. ಚಿನ್ನ ಬಂದ ಕಾಲದ ನೀರು ಬೇಕಾದರೆ ಚಿನ್ನದ ಜೊತೆಗೇ ಬೆಳೆದ ಕಲ್ಲು ಬೇಕು.

ಬೆಣಚು ಬೆಳೆಯುವಾಗ ಆ ನೀರು ಪುಟ್ಟ ಗುಳ್ಳೆಗಳಾಗಿ ಒಳಗೆ ಸಿಕ್ಕಿಬಿದ್ದಿರುತ್ತದೆ. ಹೆಚ್ಚಿನವು 10 ಮೈಕ್ರಾನ್ ಆಸುಪಾಸು. ಕಲ್ಲನ್ನು ತೆಳ್ಳಗೆ ಕೊಯ್ದು, ಎರಡೂ ಕಡೆ ಪಾಲಿಶ್ ಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹರಳಿನಿಂದ ಹರಳಿಗೆ ದಾಟಿ ಹೋಗುವ ಸಾಲುಗುಳ್ಳೆಗಳು ಆಮೇಲೆ ಬಿಟ್ಟ ಬಿರುಕಿನವು. ಅವನ್ನು ಸುಮ್ನೆ ಬಿಡಬೇಕು. ಈ ಆಯ್ಕೆಗೇ ಜಾಸ್ತಿ ಸಮಯ ಹೋಯಿತು, ಹೋಗಲೇಬೇಕು ಕೂಡ.

ಆಮೇಲೆ ಲಿಕ್ವಿಡ್ ನೈಟ್ರೋಜನ್‌ನಿಂದ ತಣಿಸುವುದು. ಮೊದಲು ತಣಿಸಬೇಕು, ಕಾಯಿಸುವುದು ನಂತರ. ಕಾರ್ಬನ್ ಡೈಆಕ್ಸೈಡ್ ತುಂಬಿದ ಗುಳ್ಳೆ ಕಾಯಿಸಿದರೆ ಎಷ್ಟೋ ಸಲ ಒಡೆದೇ ಹೋಗುತ್ತದೆ. ಹೆಪ್ಪುಗಟ್ಟಿದ್ದು ಮೈನಸ್ 56.6 ಡಿಗ್ರಿ ಹತ್ತಿರ ಕರಗಿತು. ಅಂದರೆ ಅದು ಬಹುಪಾಲು ಕಾರ್ಬನ್ ಡೈಆಕ್ಸೈಡೇ. ಮೀಥೇನ್ ಬೆರೆತಿದ್ದರೆ ಇನ್ನೂ ಕೆಳಗೇ ಕರಗುತ್ತಿತ್ತು. ಗ್ಯಾಸ್ ಸಿಕ್ಕಿಕೊಂಡ ಒಂಥರಾ ಐಸ್ ಉಳಿಯುತ್ತದೆ, ಕ್ಲಾತ್ರೇಟ್. ಉಪ್ಪಿಲ್ಲದಿದ್ದರೆ ಅದು 10 ಡಿಗ್ರಿವರೆಗೂ ಕರಗುವುದಿಲ್ಲ. ನನ್ನವು 7ರಿಂದ 9 ಡಿಗ್ರಿಗೇ ಕರಗಿದವು. ಲೆಕ್ಕ ಹಾಕಿದರೆ ಉಪ್ಪು ನೂರಕ್ಕೆ 2ರಿಂದ 6.

ಗ್ರಾನೈಟ್ ಆಗುವ ಶಿಲಾಪಾಕ ಆಳವಿಲ್ಲದ ಕಡೆ ಬಿಡುವ ನೀರು ಎಷ್ಟೋ ಸಲ ಇದಕ್ಕಿಂತ ತುಂಬಾ ಉಪ್ಪು. ಗುಳ್ಳೆಯೊಳಗೇ ಉಪ್ಪಿನ ಹರಳು ಕಾಣುತ್ತದೆ. ನನಗೆ ಒಂದೂ ಕಾಣಲಿಲ್ಲ. ಆದರೆ ಇದೊಂದರಿಂದಲೇ ತೀರ್ಪು ಕೊಡಬಾರದು, ಆಳದಲ್ಲಿ ಶಿಲಾಪಾಕವೂ ಸಪ್ಪೆ ನೀರು ಬಿಡಬಲ್ಲದು. ಆಮ್ಲಜನಕದ ಐಸೊಟೋಪ್, ಅಂದರೆ ಅದರ ಹಗುರ ಮತ್ತು ಭಾರದ ಪರಮಾಣುಗಳ ಪ್ರಮಾಣ ಕೂಡ ಇಲ್ಲಿ ಕೈಕೊಡುತ್ತದೆ. ಶಿಲಾಪಾಕದ ನೀರಿನ ಅಂಕಿ, ಕಲ್ಲು ಆಳದಲ್ಲಿ ಬೆಂದಾಗ ಬಿಡುವ ನೀರಿನ ಅಂಕಿ, ಎರಡೂ ಒಂದರ ಮೇಲೊಂದು ಬೀಳುತ್ತವೆ.

ನನಗೆ ಹೆಚ್ಚು ನಂಬಿಕೆ ಬಂದದ್ದು ಹೊಲದಲ್ಲಿ ಕಂಡ ಸಂಗತಿಯಿಂದ. ಬೆಣಚಿನ ಎಳೆಗಳು ಗ್ರಾನೊಡಯೊರೈಟನ್ನು ಕತ್ತರಿಸಿಕೊಂಡು ಹೋಗಿವೆ, ಅದೂ ಕಲ್ಲು ಜಜ್ಜಿಹೋದ ಪಟ್ಟಿಗಳಲ್ಲಿ. ಅಂದರೆ ಅಷ್ಟರಲ್ಲಿ ಗ್ರಾನೊಡಯೊರೈಟ್ ಗಟ್ಟಿಯಾಗಿ, ಆರಿತ್ತು. ಹಾಗಾಗಿ ನೀರು ಬೇರೆ ಕಡೆಯಿಂದ ಬಂದಿರಬೇಕು. ಅಡಿಯ ಲಾವಾ ಕಲ್ಲು 500 ಡಿಗ್ರಿ ಆಸುಪಾಸು ಬೆಂದಾಗ ಅದರಲ್ಲಿರುವ ಕ್ಲೋರೈಟ್ ಎಂಬ ಖನಿಜ ಒಡೆದು ನೀರು ಬಿಡುತ್ತದೆ, ಗಂಧಕವೂ ಬರುತ್ತದೆ. ಚಿನ್ನ ಆ ಗಂಧಕದ ಜೊತೆ ಸೇರಿ ಕರಗಿ ಮೇಲೇರುತ್ತದೆ. ನಾನು ವಾಲುವುದು ಈ ಕಡೆಗೆ.

ಹಾಗಂತ ಗ್ರಾನೈಟ್‌ಗೆ ಪಾತ್ರವಿಲ್ಲ ಅಂತಲ್ಲ. ಮೆತ್ತಗಿನ ಕಲ್ಲು ಬಾಗುವ ಕಡೆ ಇದು ಬಿರಿಯುತ್ತದೆ. ಬಿರಿದಾಗ ಒತ್ತಡ ಥಟ್ಟನೆ ಇಳಿಯುತ್ತದೆ, ಗ್ಯಾಸ್ ಬೇರೆಯಾಗುತ್ತದೆ, ಗಂಧಕ ಅದರ ಜೊತೆ ಹೋಗುತ್ತದೆ, ಚಿನ್ನ ಅಲ್ಲೇ ಉಳಿಯುತ್ತದೆ. ಗ್ಯಾಸ್ ಜಾಸ್ತಿ ಇರುವ ಗುಳ್ಳೆ, ನೀರು ಜಾಸ್ತಿ ಇರುವ ಗುಳ್ಳೆ ಒಂದೇ ಹರಳಿನಲ್ಲಿ ಅಕ್ಕಪಕ್ಕ ಸಿಕ್ಕಿದ್ದು, ಕಾಯಿಸಿದಾಗ ಎರಡರಲ್ಲೂ ಗ್ಯಾಸ್, ನೀರು ಹೆಚ್ಚುಕಮ್ಮಿ ಒಂದೇ ಬಿಸಿಯಲ್ಲಿ ಬೆರೆತು ಒಂದಾದದ್ದು ಇದನ್ನೇ ಹೇಳುತ್ತದೆ.