ಬಾವಿಗೆ ಬ್ಲೀಚಿಂಗ್ ಪೌಡರ್: ಕಣ್ಣಂದಾಜು ಬೇಡ, ಲೆಕ್ಕ ಹಾಕಿ

ಮಳೆ ಹಿಡಿದು ವಾರ ಕಳೆಯಿತೆಂದರೆ ಕಾಸರಗೋಡಿನ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಬಾವಿಗಳಲ್ಲಿ ನೀರು ಮೇಲೇರುತ್ತದೆ. ನಮ್ಮದು ಮುರಕಲ್ಲಿನ ನೆಲ. ಮೇಲೆ ಬಿದ್ದ ನೀರು ಕಲ್ಲಿನ ತೂತುಗಳಲ್ಲಿ ಬೇಗ ಇಳಿಯುತ್ತದೆ, ಅದರ ಜೊತೆ ಹತ್ತಿರದ ಕಕ್ಕಸು ಗುಂಡಿಯ ಕೊಳಕೂ ಇಳಿಯುತ್ತದೆ. ಬಾವಿಯ ನೀರು ಮಾತ್ರ ತಿಳಿಯಾಗಿಯೇ ಕಾಣುತ್ತದೆ, ರುಚಿಯೂ ಕೆಡುವುದಿಲ್ಲ. ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು ಹೊಟ್ಟೆ ಸೇರುವ ದಾರಿ ಇದೇ.

ಕೇರಳದಲ್ಲಿ ಹೆಚ್ಚು ಸುದ್ದಿಯಾಗುವುದು ‘ಎ’. ಆದರೆ ಮನೆಯಲ್ಲಿ ಗರ್ಭಿಣಿ ಇದ್ದರೆ ‘ಇ’ಗೆ ಹೆದರಲೇಬೇಕು. ಕೊನೆಯ ಮೂರು ತಿಂಗಳಲ್ಲಿ ತಗಲಿದರೆ ನೂರರಲ್ಲಿ 20–25 ಮಂದಿಯವರೆಗೆ ಜೀವಕ್ಕೇ ಸಂಚಕಾರ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 2 ಕೋಟಿ ಜನರಿಗೆ ಈ ಸೋಂಕು ತಗಲುತ್ತದೆ. 2015ರಲ್ಲಿ ಸತ್ತವರು ಸುಮಾರು 44,000. ನೀರು, ಕಕ್ಕಸಿನ ವ್ಯವಸ್ಥೆ ಸರಿಯಿಲ್ಲದ ಬಡ ದೇಶಗಳಲ್ಲೇ ಇದರ ಹಾವಳಿ ಹೆಚ್ಚು. ಸೋಂಕು ತಗಲಿ ರೋಗ ಕಾಣಿಸಲು 2ರಿಂದ 10 ವಾರ ಬೇಕು. ಕಣ್ಣು ಹಳದಿಯಾಗುವ ಹೊತ್ತಿಗೆ ಯಾವ ಮದುವೆಯಲ್ಲಿ ಯಾವ ನೀರು ಕುಡಿದೆವೆಂಬ ನೆನಪೇ ಇರುವುದಿಲ್ಲ.

ಬಾವಿ ಶುದ್ಧ ಮಾಡುವುದು ಕಷ್ಟದ ಕೆಲಸವಲ್ಲ. ಆದರೆ ಒಂದು ಹಿಡಿ ಪುಡಿ ಎರಚಿ ಕೈ ತೊಳೆದುಕೊಳ್ಳುವವರೇ ಜಾಸ್ತಿ.

ಮೊದಲು ಅಳತೆ. ಹಳೆಯ ಅಳತೆಯಾದ ಕೋಲಿನ ಲೆಕ್ಕ ಬಿಟ್ಟು ಮೀಟರಿನಲ್ಲಿ ಅಳೆಯಿರಿ. ದುಂಡು ಬಾವಿಯ ಅಗಲವನ್ನು ಅಗಲದಿಂದಲೇ ಗುಣಿಸಿ, ಅದನ್ನು ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. 2 ಮೀಟರ್ ಅಗಲ, 4 ಮೀಟರ್ ನೀರು ಎಂದಾದರೆ ಸುಮಾರು 12,560 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಬೇಕು, ಅಂದರೆ ಈ ಬಾವಿಗೆ 32 ಗ್ರಾಂ. ಊರಲ್ಲಿ ಕಾಮಾಲೆ ಇದ್ದರೆ ಇದರ ಇಮ್ಮಡಿ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಅಂಗಡಿಯಲ್ಲೇ ತೂಗಿಸಿ ಪೊಟ್ಟಣ ಕಟ್ಟಿಸಿಕೊಳ್ಳಿ. ಬಾಯಿ ಬಿಚ್ಚಿಟ್ಟು ವರ್ಷವಾದ ಪುಡಿಯಲ್ಲಿ ಸತ್ವ ಉಳಿದಿರುವುದಿಲ್ಲ.

ಪುಡಿಯನ್ನು ಪ್ಲಾಸ್ಟಿಕ್ ಬಕೆಟಿಗೆ ಹಾಕಿ, ಸ್ವಲ್ಪ ನೀರಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ. ಹತ್ತು ನಿಮಿಷ ಹಾಗೇ ಬಿಡಿ. ಅಡಿಯಲ್ಲಿ ಕೂರುವ ಸುಣ್ಣದ ಗಷ್ಟು ಬಾವಿಗೆ ಬೀಳಬಾರದು, ನೀರು ಗಡುಸಾಗುತ್ತದೆ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟಿಗೆ ಬಸಿದು, ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಜೋರಾಗಿ ಎಳೆದಾಡಿ. ಪಂಪು ಇದ್ದರೂ ಈ ಕೆಲಸ ಹಗ್ಗದಿಂದಲೇ ಚೆನ್ನ. ಒಂದು ಗಂಟೆಯಾದರೂ ಬಾವಿಯನ್ನು ಮುಟ್ಟಬೇಡಿ. ರಾತ್ರಿ ಹಾಕಿದರೆ ಇನ್ನೂ ಅನುಕೂಲ.

ಇಷ್ಟಾದರೂ ಕುಡಿಯುವ ನೀರನ್ನು ಕುದಿಸಲೇಬೇಕು. 1955–56ರಲ್ಲಿ ಯಮುನೆಯಿಂದ ನೀರೆತ್ತುವ ಜಾಗಕ್ಕೇ ಚರಂಡಿ ನೀರು ಸೇರಿ, ದೆಹಲಿಯಲ್ಲಿ ಸುಮಾರು 29,000 ಮಂದಿಗೆ ಕಾಮಾಲೆ ಬಂತು. ನೀರು ಶುದ್ಧ ಮಾಡುವ ಸ್ಥಾವರದಲ್ಲಿ ಕ್ಲೋರಿನ್ (ಬ್ಲೀಚಿಂಗ್ ಪೌಡರಿನ ಸತ್ವವೂ ಇದೇ) ಹೆಚ್ಚಿಸಿದ್ದರಿಂದ ಟೈಫಾಯ್ಡ್ ಏರಲಿಲ್ಲ, ಆದರೆ ಕಾಮಾಲೆ ನಿಲ್ಲಲಿಲ್ಲ. ಅದು ‘ಇ’ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಬಳಿಕ. ನೀರು ಗುಳುಗುಳು ಮರಳಬೇಕು, ಬೆಚ್ಚಗಾದರೆ ಸಾಲದು. ನಮ್ಮಲ್ಲಿನ ದೊಡ್ಡ ದುರಭ್ಯಾಸವೆಂದರೆ ಕುದಿಸಿದ ನೀರು ಬಿಸಿಯಾಯಿತೆಂದು ಅದಕ್ಕೆ ಹಸಿ ನೀರು ಬೆರೆಸುವುದು. ಜೀರಿಗೆ ಹಾಕಿ ಕುದಿಸಿದ ನೀರಿನ ಬಣ್ಣ ಇದೆಯೆಂದು ನಂಬಿ ಕುಡಿದವರಿಗೆ ಒಳಗಿನದ್ದು ತಿಳಿಯುವುದಿಲ್ಲ. ಔತಣದ ಸ್ವಾಗತ ಶರಬತ್ತಿನ ಐಸಿನದ್ದೂ ಇದೇ ಕತೆ.

ಕಣ್ಣು, ಮೂತ್ರ ಹಳದಿಯಾಗಿ ಊಟ ಸೇರದಿದ್ದರೆ ನೆಲನೆಲ್ಲಿ ಕಷಾಯ ಕುಡಿಯುತ್ತಾ ಕೂರದೆ ರಕ್ತ ಪರೀಕ್ಷೆ ಮಾಡಿಸಿ. ಗರ್ಭಿಣಿಯಾದರೆ ಅದೇ ದಿನ ಆಸ್ಪತ್ರೆಗೆ. ಊರಿನ ಆಶಾ ಕಾರ್ಯಕರ್ತೆಗೂ ತಿಳಿಸಿ, ನೆರೆಯ ಬಾವಿಗಳನ್ನೂ ನೋಡಬೇಕಾಗುತ್ತದೆ.

ಗುಡ್ಡದ ಬದಿಯಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗದ ನೀರು ಕುಡಿಯುವವರಿಗೆ ಒಂದು ಮಾತು: ಹರಿಯುವ ನೀರಿಗೆ ಪುಡಿ ಹಾಕಿ ಪ್ರಯೋಜನವಿಲ್ಲ, ಅದು ಕೊಚ್ಚಿಹೋಗುತ್ತದೆ. ನೀರು ಬಂದು ಬೀಳುವ ತೊಟ್ಟಿಯನ್ನು ತುಂಬಿಸಿ, ಹರಿವು ಬೇರೆ ಕಡೆ ತಿರುಗಿಸಿ, ಸಾವಿರ ಲೀಟರಿಗೆ ಅದೇ 2.5 ಗ್ರಾಂ ಲೆಕ್ಕದಲ್ಲಿ ತೊಟ್ಟಿಗೇ ಹಾಕಿ.